ಟೈರ್ ಸವೆದರೆ ಹೊಸದು ಹಾಕಿಸಿದರೆ ಸಾಕೇ?

ಕಾರಿನ ಟೈರ್ ಸವೆದರೆ ಹೊಸದು ಹಾಕಿಸಿ ಸುಮ್ಮನಾಗುವವರೇ ಹೆಚ್ಚು. ಆದರೆ ಟೈರ್ ಎಷ್ಟು ಸವೆದಿದೆ ಎಂಬುದರಷ್ಟೇ ಎಲ್ಲಿ ಸವೆದಿದೆ ಎಂಬುದೂ ಮುಖ್ಯ. ಮೂಲ ದೋಷ ಸರಿಯಾಗದಿದ್ದರೆ ಹೊಸ ಟೈರಿಗೂ ಅದೇ ಗತಿ.

ನಡುಭಾಗ ಮಾತ್ರ ಸವೆದಿದ್ದರೆ: ಗಾಳಿ ಹೆಚ್ಚಾಗಿದೆ. ಟೈರ್ ಉಬ್ಬಿ ಭಾರವೆಲ್ಲ ನಡುವೆ ಬೀಳುತ್ತದೆ.

ಎರಡೂ ಅಂಚು ಸವೆದಿದ್ದರೆ: ಗಾಳಿ ಕಡಿಮೆಯಿದೆ. ಇದು ಹೆಚ್ಚು ಅಪಾಯಕಾರಿ. ಉರುಳುವಾಗ ಟೈರಿನ ಪಕ್ಕಗಳು ಅತಿಯಾಗಿ ಬಾಗಿ ಬಿಸಿಯಾಗುತ್ತವೆ. ಹೆದ್ದಾರಿಯ ವೇಗದಲ್ಲಿ ಟೈರ್ ಸಿಡಿಯಬಹುದು. ಇಂಧನವೂ ಹೆಚ್ಚು ಖರ್ಚಾಗುತ್ತದೆ.

ಒಂದೇ ಅಂಚು ಸವೆದಿದ್ದರೆ: ಚಕ್ರ ಓರೆಯಾಗಿ ನಿಂತಿದೆ. ರಸ್ತೆಗುಂಡಿಯ ಹೊಡೆತಕ್ಕೆ ವೀಲ್ ಅಲೈನ್‌ಮೆಂಟ್ ತಪ್ಪಿರಬಹುದು, ಸಸ್ಪೆನ್ಷನ್ ಭಾಗಗಳು ಸವೆದಿರಬಹುದು. ಭಾಗವೇ ಸಡಿಲವಾಗಿದ್ದರೆ ಬರೀ ಅಲೈನ್‌ಮೆಂಟ್ ಮಾಡಿಸಿ ಪ್ರಯೋಜನವಿಲ್ಲ.

ಅಲ್ಲಲ್ಲಿ ತಗ್ಗು ಬಿದ್ದಿದ್ದರೆ: ಶಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು ಅಥವಾ ವೀಲ್ ಬ್ಯಾಲೆನ್ಸ್ ತಪ್ಪಿರಬಹುದು. ಚಕ್ರ ರಸ್ತೆಗೆ ಅಂಟಿಕೊಳ್ಳದೆ ಪುಟಿಯುತ್ತಾ ಸಾಗುವುದರಿಂದ ಹೀಗಾಗುತ್ತದೆ.

ಸವೆತ ಸಮನಾಗಿದ್ದರೂ ಅದಕ್ಕೊಂದು ಮಿತಿಯಿದೆ. ಭಾರತದ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಗೀರುಗಳು ಕನಿಷ್ಠ 1.6 ಮಿ.ಮೀ. ಆಳವಿರಬೇಕು, ದ್ವಿಚಕ್ರ ವಾಹನಗಳಲ್ಲಿ 0.8 ಮಿ.ಮೀ. ಮಳೆಯಲ್ಲಿ ಟೈರಿನಡಿಯ ನೀರನ್ನು ಹೊರಹಾಕುವುದು ಈ ಗೀರುಗಳೇ. ಅವು ಸವೆದರೆ ಟೈರ್ ನೀರಿನ ಮೇಲೆ ತೇಲಿ, ಬ್ರೇಕ್ ಒತ್ತಿದರೂ ಕಾರು ಜಾರುತ್ತದೆ.

ಪತ್ತೆ ಸುಲಭ. ಗೀರಿನೊಳಗೆ ಅಡ್ಡಲಾಗಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಟೈರಿನ ಪಕ್ಕದಲ್ಲಿ 'ಟಿಡಬ್ಲ್ಯುಐ' ಎಂಬ ಇಂಗ್ಲಿಷ್ ಅಕ್ಷರಗಳು ಅಥವಾ ತ್ರಿಕೋನ ಗುರುತು ಅವುಗಳ ಜಾಗ ತೋರಿಸುತ್ತದೆ. ಮೇಲ್ಮೈ ಆ ದಿಣ್ಣೆಯ ಮಟ್ಟಕ್ಕೆ ಇಳಿದಿದ್ದರೆ ಟೈರ್ ಬದಲಿಸಿ. ತಿಂಗಳಿಗೊಮ್ಮೆ, ಟೈರ್ ತಣ್ಣಗಿರುವಾಗ ಗಾಳಿ ಪರೀಕ್ಷಿಸಿ. ಹಾಗೆಯೇ ಟೈರಿನ ಅಗಲಕ್ಕೂ ಒಮ್ಮೆ ಕೈಯಾಡಿಸಿ ನೋಡಿ.