ಸೈಕಲ್‌ಗೂ ಹೆಲ್ಮೆಟ್ ಕಡ್ಡಾಯವೇ? ಪುಣೆಯಲ್ಲಿರುವವರು ತಿಳಿದಿರಬೇಕಾದದ್ದು

ಸಕ್ಕರೆ ಕಾಯಿಲೆಗೆ ದಿನವೂ ಸೈಕಲ್ ತುಳಿಯಿರಿ ಎಂದು ವೈದ್ಯರು ಹೇಳಿದ್ದಾರೆ. ಹೆಲ್ಮೆಟ್ ಇಲ್ಲದೆ ಹೊರಟರೆ ಪೊಲೀಸರು ದಂಡ ಹಾಕುತ್ತಾರೆಯೇ ಎಂಬ ಅನುಮಾನ ನಿಮಗೆ ಬರುವುದು ಸಹಜ. ಇಲ್ಲ, ಹಾಕುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಅನ್ವಯಿಸುವುದು ಸ್ಕೂಟರ್, ಬೈಕುಗಳಿಗೆ. ಕಾಲಿನಿಂದ ತುಳಿಯುವ ಸೈಕಲ್ ಮೋಟಾರು ವಾಹನವಲ್ಲ.

ಪುಣೆಯಲ್ಲಿ ಹೆಲ್ಮೆಟ್ ಬಗ್ಗೆ ಹಳೆಯ ಜಗಳವೊಂದಿದೆ, ಅದು ಸೈಕಲ್‌ನದ್ದಲ್ಲ. 2019ರ ಜನವರಿ 1ರಿಂದ ಪೊಲೀಸರು ದ್ವಿಚಕ್ರ ವಾಹನ ಸವಾರರ ಮೇಲೆ ನಿಯಮವನ್ನು ಬಿಗಿ ಮಾಡಿದಾಗ, ಹೆಲ್ಮೆಟ್ ಕಡ್ಡಾಯ ವಿರೋಧಿ ಸಮಿತಿಯವರು ಬೀದಿಗಿಳಿದರು. ಊರೊಳಗೆ ವೇಗವೇ ಇರುವುದಿಲ್ಲ, ಹೆಲ್ಮೆಟ್‌ನಿಂದ ಕುತ್ತಿಗೆ ನೋಯುತ್ತದೆ, ಹಿಂದಿನ ಹಾರನ್ ಕೇಳಿಸುವುದಿಲ್ಲ ಎಂಬುವು ಅಲ್ಲಿ ಕೇಳಿಬಂದ ವಾದಗಳು. ಸ್ಕೂಟರ್ ಸವಾರರ ಮಟ್ಟಿಗೆ ಈ ವಾದಗಳು ನಿಲ್ಲುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಸುಮಾರು ಶೇ 69ರಷ್ಟು ತಗ್ಗಿಸುತ್ತದೆ. ನಿಮಗೆ ಕತ್ತಿನ ಸವೆತ ಇದ್ದರೆ ಹಗುರವಾದ, ಅಳತೆಗೆ ಸರಿಹೊಂದುವ ಐಎಸ್‌ಐ ಗುರುತಿನ ಹೆಲ್ಮೆಟ್ ಹುಡುಕಿ. ಬಿಟ್ಟುಬಿಡಲು ಅದು ಕಾರಣವಲ್ಲ.

ಸೈಕಲ್‌ನ ಪ್ರಶ್ನೆ ಇಷ್ಟು ಸರಳವಲ್ಲ. ಇಲ್ಲಿ ಎರಡು ಪ್ರಶ್ನೆಗಳಿವೆ, ಜನ ಅವನ್ನು ಒಂದೇ ಎಂದುಕೊಳ್ಳುತ್ತಾರೆ. ಬಿದ್ದಾಗ ಹೆಲ್ಮೆಟ್ ತಲೆ ಉಳಿಸುತ್ತದೆಯೇ? ಹೌದು, ಬಹುಮಟ್ಟಿಗೆ. ಹಾಗಾದರೆ ಅದನ್ನು ಕಾನೂನಿನಿಂದ ಹೇರಬೇಕೇ? ಜಗತ್ತು ಒಮ್ಮತಕ್ಕೆ ಬರದಿರುವುದು ಇಲ್ಲಿಯೇ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲಿ ಸೈಕಲ್ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿತು. ತಲೆಯ ಗಾಯಗಳು ಇಳಿದವು. ಆದರೆ ಸೈಕಲ್ ತುಳಿಯುವವರೂ, ಅದರಲ್ಲೂ ಹರೆಯದವರು, ಕಡಿಮೆಯಾದರು. ಆಗಿನಿಂದ ಅಲ್ಲಿ ಕಾನೂನನ್ನು ಸಡಿಲಿಸಿ ಎಂಬ ಚಳವಳಿ ನಡೆದೇ ಇದೆ. ಅವರಲ್ಲಿ ಅನೇಕರು ಹೆಲ್ಮೆಟ್ ದಂಡ ಎನ್ನುತ್ತಿಲ್ಲ, ವಯಸ್ಕರಿಗೆ ಆಯ್ಕೆ ಬಿಡಿ ಎನ್ನುತ್ತಾರೆ. ಸೈಕಲ್ ಬಿಟ್ಟವರು ಕಳೆದುಕೊಳ್ಳುವ ಹೃದಯದ ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂಬುದು ಅವರ ಮಾತು. ಮೆಕ್ಸಿಕೊ ನಗರ 2010ರಲ್ಲಿ ಬಾಡಿಗೆ ಸೈಕಲ್ ಯೋಜನೆ ಶುರುಮಾಡುವಾಗ ಈ ನಿಯಮವನ್ನು ಕೈಬಿಟ್ಟಿತು. ಇಸ್ರೇಲ್ 2011ರಲ್ಲಿ ನಗರದೊಳಗೆ ವಯಸ್ಕರಿಗೆ ವಿನಾಯಿತಿ ಕೊಟ್ಟಿತು. ಹೆಲ್ಮೆಟ್ ಬಲು ಅಪರೂಪವಾದ ನೆದರ್‌ಲ್ಯಾಂಡ್ಸ್‌ನಲ್ಲಿ ಸೈಕಲ್ ಸವಾರಿ ಸುರಕ್ಷಿತವೇ. ಆದರೆ ಅಲ್ಲಿ ಸೈಕಲ್‌ಗೆ ಬೇರೆ ದಾರಿಯಿದೆ ಎಂಬುದನ್ನು ಮರೆತು ಆ ಉದಾಹರಣೆ ಕೊಡುವವರೇ ಹೆಚ್ಚು. ಒಂದು ಕಾಲದಲ್ಲಿ ಸೈಕಲ್‌ಗಳ ಊರು ಎನಿಸಿಕೊಂಡಿದ್ದ ಪುಣೆಯಲ್ಲಿ ಇಂದು ನೀವು ಬಸ್ಸು, ರಿಕ್ಷಾ, ಬೈಕುಗಳ ನಡುವೆಯೇ ತುಳಿಯಬೇಕು.

ನನ್ನನ್ನು ಕೇಳಿದರೆ, ವಯಸ್ಕ ಸೈಕಲ್ ಸವಾರನಿಗೆ ದಂಡ ಹಾಕುವ ಕಾನೂನು ನಮಗೆ ಬೇಡ. ಆದರೆ ಕಾನೂನು ಕೇಳದಿದ್ದರೂ ನೀವು ಹಾಕಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಅರವತ್ತು ದಾಟಿದವರು, ಮಕ್ಕಳು ಖಂಡಿತ ಹಾಕಬೇಕು. ಸೈಕಲ್ ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಿಂದಕ್ಕೆ ವಾಲಬಾರದು. ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿರಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು ಮತ್ತೆ ಬಳಸಬೇಡಿ. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಥರ್ಮೋಕೋಲ್‌ನಂಥ ಪದರ ಕುಸಿದಿರುತ್ತದೆ.

ಮಗುವನ್ನು ಸ್ಕೂಟರ್‌ನಲ್ಲಿ ಕರೆದೊಯ್ಯುವವರಿಗೆ ಒಂದು ಮಾತು: 2022ರ ಕೇಂದ್ರ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೂ ಹೆಲ್ಮೆಟ್ ಬೇಕು, ಅದು ಮಾನದಂಡಕ್ಕೆ ಹೊಂದುವ ಸೈಕಲ್ ಹೆಲ್ಮೆಟ್ ಆದರೂ ನಡೆಯುತ್ತದೆ.

ಬಿದ್ದ ಮೇಲೆ ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು, ಮಂಪರು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ಸ್ರಾವ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೆಲ್ಮೆಟ್ ಇದ್ದರೂ ಲಕ್ಷಣ ಇಲ್ಲದಿದ್ದರೂ, ತಲೆಗೆ ಪೆಟ್ಟಾದ ಅದೇ ದಿನ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರನ್ನು ಅಲ್ಲಿಯ ವೈದ್ಯರಿಗೆ ಮೊದಲೇ ಹೇಳಿ.