ಕ್ರೋಧಜಯ ಮತ್ತು ಆತ್ಮಪರೀಕ್ಷೆ: ಬೈಲಕುಪ್ಪೆಯ ಬೌದ್ಧ ಪರಂಪರೆಯನ್ನು ಕುರಿತು

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವುದಕ್ಕೆ ಮೊದಲು, ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಗ್ರಾಮವು ಸಿಗುತ್ತದೆ. ಅಲ್ಲಿಂದ ಒಳದಾರಿಯನ್ನು ಹಿಡಿದರೆ ಬೈಲಕುಪ್ಪೆಯ ಟಿಬೆಟನ್ನರ ವಸತಿ. ಅಲ್ಲಿನ ಸೆರಾ ವಿಹಾರದ ಅಂಗಳದಲ್ಲಿ, ನಿಂತ ಭಿಕ್ಷುವೊಬ್ಬನು ಕುಳಿತವನೆದುರು ಅಂಗೈ ತಟ್ಟಿ, ಕಾಲನ್ನಪ್ಪಳಿಸಿ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವುದನ್ನು ಹೊಸಬರು ಜಗಳವೆಂದೇ ಬಗೆದಾರು. ಅದು ತರ್ಕಾಭ್ಯಾಸ. ಕೋಪವನ್ನು ಗೆಲ್ಲಲು ಈ ಪರಂಪರೆ ಹೇಳುವ ಮಾರ್ಗವೂ ಇಂಥದೇ ಒಂದು ವಾದವೆಂದು ನಾವು ಭಾವಿಸುತ್ತೇವೆ. ಅಲ್ಲಿ ಪ್ರತಿವಾದಿ ತನ್ನ ಮನಸ್ಸೇ.

ಕೋಪವನ್ನು ನುಂಗಿಕೊಳ್ಳುವುದೆಂದು ನಮ್ಮ ಆಡುಮಾತಿನಲ್ಲಿ ಹೇಳುವುದುಂಟು. ಬೌದ್ಧರ ಅಭಿಧರ್ಮವು ಇದನ್ನು ಜಯವೆಂದು ಒಪ್ಪುವುದಿಲ್ಲ. ಅದರ ವಿಂಗಡಣೆಯಲ್ಲಿ ತತ್‌ಕ್ಷಣ ಭುಗಿಲೆದ್ದು ಹಿಂಸೆಗೆ ಸಿದ್ಧವಾಗುವುದು ‘ಕ್ರೋಧ’. ಅದೇ ಒಳಗೆ ಉಳಿದು ಹಗೆಯಾಗಿ ಗಂಟುಬಿದ್ದರೆ ‘ಉಪನಾಹ’. ನುಂಗಿದ ಕೋಪವು ಹೆಸರನ್ನು ಬದಲಾಯಿಸಿತಷ್ಟೆ.

ಹಾಗಾದರೆ ಮಾಡಬೇಕಾದುದೇನು? ಎಂಟನೆಯ ಶತಮಾನದಲ್ಲಿ ನಾಲಂದೆಯಲ್ಲಿದ್ದ ಶಾಂತಿದೇವನ ‘ಬೋಧಿಚರ್ಯಾವತಾರ’ವು ಟಿಬೆಟನ್ ವಿಹಾರಗಳಲ್ಲಿ ಇಂದಿಗೂ ಪಾಠವಾಗುವ ಸಂಸ್ಕೃತ ಕೃತಿ. ಅದರ ಐದನೆಯ ಪರಿಚ್ಛೇದವು ಮೊದಲ ಹೆಜ್ಜೆಯನ್ನು ತಿಳಿಸುತ್ತದೆ: ಮನಸ್ಸು ಕೆರಳಿತೆಂದು ತಿಳಿದೊಡನೆ ಏನನ್ನೂ ಮಾಡದೆ, ಏನನ್ನೂ ಆಡದೆ, ಮರದ ಕೊರಡಿನಂತೆ ನಿಲ್ಲಬೇಕು. ಇದು ಅದುಮುವುದಲ್ಲ, ನೋಡುವುದಕ್ಕೆ ಬಿಡುವು ಮಾಡಿಕೊಳ್ಳುವುದು. 134 ಶ್ಲೋಕಗಳ ಆರನೆಯ ಪರಿಚ್ಛೇದವು ಪೂರ್ತಿಯಾಗಿ ಕ್ಷಾಂತಿಗೆ ಮೀಸಲು. ಅಲ್ಲಿ ವಿಚಾರಣೆ ಆರಂಭವಾಗುತ್ತದೆ. ಪಿತ್ತ ಕೆರಳಿ ಶೂಲೆಯುಂಟಾದರೆ ಪಿತ್ತದ ಮೇಲೆ ನಾವು ಮುನಿಯುತ್ತೇವೆಯೆ? ಇಲ್ಲ. ಹೊಡೆದ ಕೋಲಿನ ಮೇಲೆ? ಅದೂ ಇಲ್ಲ, ಕೋಲನ್ನು ಬೀಸಿದವನ ಮೇಲೆ. ಆದರೆ ಕೋಲನ್ನು ಅವನು ಬೀಸಿದಂತೆ ಅವನನ್ನು ದ್ವೇಷವು ಬೀಸಿದೆ; ಮುನಿಯುವುದಾದರೆ ಆ ದ್ವೇಷದ ಮೇಲೆ ಮುನಿಯಬೇಕು. ಇನ್ನೊಂದು ಪ್ರಶ್ನೆ ಇನ್ನೂ ತೀಕ್ಷ್ಣವಾದುದು: ನೋವಿಗೆ ಅವನ ಆಯುಧವು ಎಷ್ಟು ಕಾರಣವೋ ನನ್ನ ಶರೀರವೂ ಅಷ್ಟೇ ಕಾರಣವಲ್ಲವೆ?

ಇಲ್ಲಿ ನಮ್ಮ ವಿದ್ಯಾರ್ಥಿಗಳು ಆಕ್ಷೇಪವೆತ್ತುವುದು ಸಹಜ. ಎಲ್ಲರೂ ಕಾರಣಗಳಿಗೆ ಅಧೀನರಾದರೆ ಅನ್ಯಾಯವನ್ನು ತಡೆಯುವವರಾರು? ಶಾಂತಿದೇವನು ಈ ಆಕ್ಷೇಪವನ್ನು ತಾನೇ ಎತ್ತಿಕೊಂಡು ಉತ್ತರಿಸಿದ್ದಾನೆ: ದುಃಖವು ಕಾರಣಗಳಿಂದ ಹುಟ್ಟಿದುದರಿಂದಲೇ ಅದನ್ನು ನಿವಾರಿಸಲು ಸಾಧ್ಯ. ತಡೆಯುವುದು ಯುಕ್ತವೇ ಸರಿ, ಅದಕ್ಕೆ ಕೋಪವು ಆವಶ್ಯಕವಲ್ಲ.

ದಿನದ ಅಭ್ಯಾಸದ ವಿಷಯದಲ್ಲಿ ಟಿಬೆಟನ್ನರು ಕದಂಪ ಪಂಥದ ಗೆಶೆ ಬೆನ್ ಎಂಬಾತನ ಕಥೆಯನ್ನು ಹೇಳುತ್ತಾರೆ. ಮೊದಲು ದರೋಡೆಕಾರನಾಗಿದ್ದ ಈತನು ಸನ್ಯಾಸಿಯಾದ ಮೇಲೆ, ಒಳ್ಳೆಯ ಭಾವನೆಗೊಂದು ಬಿಳಿಯ ಕಲ್ಲು, ಕೆಟ್ಟ ಭಾವನೆಗೊಂದು ಕರಿಯ ಕಲ್ಲು ಇಡುತ್ತ, ಸಂಜೆ ಎಣಿಸಿ ತನ್ನನ್ನು ತಾನೇ ಬಯ್ದುಕೊಳ್ಳುತ್ತಿದ್ದನಂತೆ. ಲೆಕ್ಕಪತ್ರದ ಈ ಶಿಸ್ತು ಮಾಜಿ ದರೋಡೆಕಾರನಿಗೆ ಒಪ್ಪುವಂಥದೇ!

ಇತಿಹಾಸದ ಅಭ್ಯಾಸಿಗಳಿಗೆ ಈ ವಿಚಾರವು ಅಪರಿಚಿತವಲ್ಲ. ಅಶೋಕನ ಮೂರನೆಯ ಸ್ತಂಭಶಾಸನವು, ಮನುಷ್ಯನು ತನ್ನ ಒಳ್ಳೆಯ ಕಾರ್ಯವನ್ನು ಮಾತ್ರ ಕಾಣುತ್ತಾನೆ, ಕೆಟ್ಟುದನ್ನು ಕಾಣುವುದು ಕಷ್ಟ ಎಂದು ಒಪ್ಪಿಕೊಂಡು, ಕ್ರೌರ್ಯ ಕ್ರೋಧ ಮಾನ ಈರ್ಷ್ಯೆಗಳನ್ನು ಪರೀಕ್ಷಿಸಿಕೊಳ್ಳಲು ಹೇಳುತ್ತದೆ. ಧೌಲಿಯ ಮೊದಲನೆಯ ಪ್ರತ್ಯೇಕ ಶಾಸನವು ಬೇಗ ಸಿಟ್ಟಾಗುವ ಅಧಿಕಾರಿಯಿಂದ ನ್ಯಾಯವು ನಡೆಯದೆಂದು ಎಚ್ಚರಿಸುತ್ತದೆ. ಈ ಪ್ರತ್ಯೇಕ ಶಾಸನಗಳ ತುಣುಕುಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿವೆ. ಬುದ್ಧನ ಅನುಯಾಯಿಯಾದ ಅರಸನು ಆತ್ಮಪರೀಕ್ಷೆಯನ್ನು ವಿಹಾರದ ಹೊರಗೆ, ಆಡಳಿತದೊಳಕ್ಕೆ ತಂದುದು ವಿಶೇಷ.

ಬೈಲಕುಪ್ಪೆಯಲ್ಲಾದರೋ ಈ ಪಾಠವು ಬರಿಯ ಗ್ರಂಥಪಾಠವಾಗಿ ಉಳಿಯಲು ಸಾಧ್ಯವಿರಲಿಲ್ಲ. 1419ರಲ್ಲಿ ಲಾಸಾದ ಬಳಿ ಸ್ಥಾಪಿತವಾದ ಸೆರಾ ವಿಹಾರದ ಭಿಕ್ಷುಗಳಲ್ಲಿ ಅನೇಕರು 1959ರಲ್ಲಿ ದೇಶವನ್ನು ಬಿಟ್ಟು ಬಂದರು. ಬಂಗಾಳದ ಬಕ್ಸಾದಲ್ಲಿ, ಹಿಂದೆ ಬ್ರಿಟಿಷರು ಬಂದಿಗಳನ್ನು ಇರಿಸುತ್ತಿದ್ದ ಕೋಟೆಯಲ್ಲಿ, ಅವರು ಪಾಠವನ್ನು ಮುಂದುವರಿಸಿದರು. ಕ್ಷಯರೋಗಕ್ಕೆ ಹಲವರು ಅಲ್ಲಿಯೇ ತುತ್ತಾದರು. ಉಳಿದವರು 1970ರ ಸುಮಾರಿಗೆ ಇಲ್ಲಿಗೆ ಬಂದು, ಕಾಡು ಕಡಿದ ನೆಲದಲ್ಲಿ ಉತ್ತು ಬಿತ್ತು ವಿಹಾರವನ್ನು ಮತ್ತೆ ಕಟ್ಟಿದರು. ಕೋಲು, ಕೋಲನ್ನು ಬೀಸಿದವನು, ಅವನನ್ನು ಬೀಸಿದ ದ್ವೇಷ ಎಂಬ ಆ ಪ್ರಶ್ನೆಯನ್ನು ಏಟು ತಿಂದ ಇವರೇ ತಮ್ಮ ಕಿರಿಯರಿಗೆ ಪಾಠ ಹೇಳಿದರು.