ಕಡತ ಸಾಗಿಸುವ ಸರ್ವರ್: ಯಂತ್ರದೊಡನೆ ಬಂದುದೇ ಸಾಕೆ?

ಮುಂಬಯಿಯ ಕನ್ನಡಿಗರು ಹೊರಡಿಸಿದ ಎಷ್ಟೋ ಹಳೆಯ ಸಂಚಿಕೆಗಳು, ಸಂಘಗಳ ವಾರ್ಷಿಕ ವರದಿಗಳು, ನಾಟಕಗಳ ಕರಪತ್ರಗಳು ಖಾಸಗಿ ಕಪಾಟುಗಳಲ್ಲಿ ಮಾತ್ರ ಉಳಿದಿವೆ. ಅವನ್ನು ಸ್ಕ್ಯಾನ್ ಮಾಡಿ ಒಂದೆಡೆ ಕೂಡಿಡಬೇಕೆಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಭಾಂಡುಪ್‌ನಲ್ಲಿ ಒಂದು ಕೊಠಡಿ, ಅದರಲ್ಲೊಂದು ಗಣಕಯಂತ್ರ. ಮುಲುಂಡಿನಿಂದ, ಡೊಂಬಿವಲಿಯಿಂದ, ಧಾರವಾಡದಿಂದಲೂ ಸದಸ್ಯರು ಪುಟಗಳ ಪ್ರತಿಗಳನ್ನು ಅದಕ್ಕೆ ಕಳುಹಿಸುವರೆಂದು ಇಟ್ಟುಕೊಳ್ಳೋಣ. ಮೂಲಪ್ರತಿ ಗೆದ್ದಲಿನ ಪಾಲಾದ ಮೇಲೆ ಆ ಯಂತ್ರದಲ್ಲಿರುವುದೇ ಉಳಿದ ಪ್ರತಿಯಾಗುವುದು. ಹೀಗಿರುವಾಗ, ಕಡತಗಳನ್ನು ಬರಮಾಡಿಕೊಳ್ಳಲು ಯಂತ್ರದೊಡನೆಯೇ ಬಂದ ಸೌಕರ್ಯ ಸಾಕೆ, ಅಥವಾ ಅದಕ್ಕೆಂದೇ ರಚಿತವಾದ ಪ್ರತ್ಯೇಕ ತಂತ್ರಾಂಶ ಬೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದೂರದ ಯಂತ್ರಗಳ ನಡುವೆ ಕಡತ ಸಾಗಿಸುವ ಎಫ್‌ಟಿಪಿ ನಿಯಮಾವಳಿಯ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ನಮ್ಮವರೇ ಆದ ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದ ಪದವೀಧರರು, ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಒಬ್ಬರನ್ನೊಬ್ಬರು ಬಲ್ಲ ಕೆಲವೇ ವಿದ್ವಾಂಸರ ಜಾಲಕ್ಕಾಗಿ ಹುಟ್ಟಿದ ಈ ನಿಯಮಾವಳಿ 1985ರಲ್ಲಿ ಸ್ಥಿರರೂಪವನ್ನು ಪಡೆದಾಗಲೂ ಗುಪ್ತಪದವನ್ನು ಮರೆಮಾಚದೆ ಅಂಚೆ ಕಾರ್ಡಿನ ಬರಹದಂತೆ ಬಯಲಾಗಿಯೇ ಕಳುಹಿಸುತ್ತಿತ್ತು. ದಾರಿಯಲ್ಲಿ ಕುಳಿತವನು ಓದಬಲ್ಲನು. ಇಂಥ ಗುಪ್ತಪದಗಳ ಕಳವು ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಡೆದ ಮೇಲೆ, 1995ರಲ್ಲಿ ತಾತು ಇಲೊನೆನ್ ಅವರು ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗವನ್ನು ರಚಿಸಿದರು. ಅದರ ಮೇಲೆ ನಡೆಯುವ ಸಾಗಣೆಯೇ ಎಸ್‌ಎಫ್‌ಟಿಪಿ. ಹಳೆಯ ಎಫ್‌ಟಿಪಿಗೇ ಗೂಢಲಿಪಿಯ ಹೊದಿಕೆ ತೊಡಿಸಿದರೆ ಎಫ್‌ಟಿಪಿಎಸ್. ಹೆಸರುಗಳು ಒಂದೇ ಬಗೆಯಾಗಿ ಕೇಳಿಸಿದರೂ ಎರಡೂ ಬೇರೆ ಬೇರೆ.

ವಿಂಡೋಸ್ ಸರ್ವರಿನಲ್ಲಿ ಐಐಎಸ್‌ನ ಅಂಗವಾಗಿ ಎಫ್‌ಟಿಪಿ ಸೇವೆ ಒಳಗೊಂಡೇ ಬರುತ್ತದೆ. ಅದಕ್ಕೆ ಗೂಢಲಿಪಿಯ ಹೊದಿಕೆ ತೊಡಿಸಬಹುದು. ಆದರೆ ಎಸ್‌ಎಫ್‌ಟಿಪಿ ಅದಕ್ಕೆ ಬಾರದು. 2019ರ ಆವೃತ್ತಿಯಿಂದ ಈಚೆಗೆ ಓಪನ್‌ಎಸ್‌ಎಸ್‌ಎಚ್ ಕೂಡ ವಿಂಡೋಸ್ ಸರ್ವರಿನ ಭಾಗವಾಗಿ ದೊರೆಯುವುದರಿಂದ ಆ ಕೊರತೆ ನೀಗಿದೆಯೆನ್ನಬೇಕು. ಹಾಗಾದರೆ ಪ್ರತ್ಯೇಕ ತಂತ್ರಾಂಶದ ಗೊಡವೆಯೇಕೆ?

ಕಾರಣ ಖಾತೆಯಲ್ಲಿದೆ. ನಾನು ಬ್ಯಾಂಕಿನವನಾದುದರಿಂದ ಬ್ಯಾಂಕಿನ ಉದಾಹರಣೆಯನ್ನೇ ಕೊಟ್ಟರೆ ವಾಚಕರು ಮನ್ನಿಸಬೇಕು. ಲಾಕರು ಪಡೆದ ಗ್ರಾಹಕನಿಗೆ ನಾವು ಅವನ ಲಾಕರಿನ ಕೀಲಿಯನ್ನು ಕೊಡುತ್ತೇವೆ. ಶಾಖೆಯ ಹೆಬ್ಬಾಗಿಲಿನ ಕೀಲಿಯನ್ನಲ್ಲ. ಓಪನ್‌ಎಸ್‌ಎಸ್‌ಎಚ್‌ನಲ್ಲಿ, ಸಾಮಾನ್ಯವಾಗಿ ಐಐಎಸ್‌ನಲ್ಲಿಯೂ, ಕಡತ ಕಳುಹಿಸುವವನಿಗೆ ಆ ಯಂತ್ರದ ಮೇಲೆಯೇ ಒಂದು ಬಳಕೆದಾರ ಖಾತೆ ತೆರೆಯಬೇಕಾಗುತ್ತದೆ. ಅವನನ್ನು ಒಂದೇ ಕೋಶದೊಳಗೆ ಕಟ್ಟಿಹಾಕಲು ಸಾಧ್ಯವಿದೆ, ನಿಜ; ಆದರೆ ಅದನ್ನು ಬಲ್ಲವರು ಕುಳಿತು ಮಾಡಬೇಕು, ತಪ್ಪಿದರೆ ಹೆಬ್ಬಾಗಿಲು ತೆರೆದಂತೆಯೇ. ಫೈಲ್‌ಜಿಲ್ಲಾ ಸರ್ವರ್, ಎಸ್‌ಎಫ್‌ಟಿಪಿಗೋ ಮುಂತಾದ ಪ್ರತ್ಯೇಕ ತಂತ್ರಾಂಶಗಳಲ್ಲಿ ಖಾತೆ ಆ ತಂತ್ರಾಂಶದೊಳಗೆ ಮಾತ್ರ ಇರುತ್ತದೆ. ಯಂತ್ರಕ್ಕೆ ಅವನ ಪರಿಚಯವೇ ಇಲ್ಲ. ಡೊಂಬಿವಲಿಯ ಸದಸ್ಯರು ತಮ್ಮ ಕೋಶಕ್ಕೆ ಹಾಕಬಹುದು, ಅಳಿಸಲಾರರು, ಸಂಪಾದಕರು ಓದಬಹುದು, ಮುದ್ರಕನಿಗೆ ಒಂದು ಸಂಚಿಕೆ ಮಾತ್ರ ಕಾಣುವುದು. ಇಷ್ಟು ಸೂಕ್ಷ್ಮವಾದ ಹಂಚಿಕೆಯನ್ನು ಗಣಕದಲ್ಲಿ ಹೆಚ್ಚಿನ ಪರಿಣತಿಯಿಲ್ಲದ ಕಾರ್ಯದರ್ಶಿಯೂ ಒಂದು ಸಂಜೆಯಲ್ಲಿ ಮಾಡಬಲ್ಲರು. ಫೈಲ್‌ಜಿಲ್ಲಾ ಸರ್ವರಿನ ಉಚಿತ ಆವೃತ್ತಿ ಎಸ್‌ಎಫ್‌ಟಿಪಿಯನ್ನು ಕೊಡುವುದಿಲ್ಲ, ಎಫ್‌ಟಿಪಿಎಸ್ ಮಾತ್ರ ಎಂಬುದನ್ನು ಮರೆಯಬಾರದು.

ಎರಡನೆಯದು ದಿನಚರಿ. ಯಾರು, ಯಾವಾಗ, ಏನನ್ನು ಹಾಕಿದರು, ಏನನ್ನು ಅಳಿಸಿದರು ಎಂಬುದು ಐಐಎಸ್‌ನಲ್ಲಿಯೂ ದಾಖಲಾಗುತ್ತದೆ; ಆದರೆ ಅದನ್ನು ತೆರೆದು ಓದುವ ವ್ಯವಧಾನ ಯಾರಿಗಿದೆ? ದಿನಚರಿಯನ್ನು ಕಣ್ಣೆದುರಿನ ಕಿಟಕಿಯಲ್ಲಿಯೇ ಹರಿಯಬಿಡುವ ತಂತ್ರಾಂಶವನ್ನು ಜನ ನೋಡುತ್ತಾರೆ.

ಕನ್ನಡದವರಿಗೆ ಇನ್ನೊಂದು ತೊಡಕುಂಟು. ಕಡತದ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಕಳುಹಿಸುವವನ ತಂತ್ರಾಂಶವೂ ಪಡೆಯುವ ಸರ್ವರೂ ಯುಟಿಎಫ್-8 ಸಂಕೇತವನ್ನು ಒಪ್ಪಿರಬೇಕು. ಎಫ್‌ಟಿಪಿಯಲ್ಲಿ ಇದಕ್ಕೆ ಶಿಫಾರಸು ಬಂದುದೇ 1999ರಲ್ಲಿ. ಹಳೆಯ ತಂತ್ರಾಂಶ ಒಂದು ಕಡೆ ಇದ್ದರೂ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು. ಸ್ಕ್ಯಾನ್ ಚಿತ್ರಗಳನ್ನು ಎಫ್‌ಟಿಪಿಯ ಪಠ್ಯಕ್ರಮದಲ್ಲಿ ಕಳುಹಿಸಿದರಂತೂ ಸಾಲಿನ ಕೊನೆಗಳು ತಿದ್ದಲ್ಪಟ್ಟು ಚಿತ್ರವೇ ಕೆಡುತ್ತದೆ. ದ್ವಿಮಾನ ಕ್ರಮವನ್ನೇ ಆರಿಸಬೇಕು. ಎಸ್‌ಎಫ್‌ಟಿಪಿಯ ಇಂದಿನ ಸಾಮಾನ್ಯ ಬಳಕೆಯಲ್ಲಿ ಈ ಎರಡನೆಯ ಕಷ್ಟವಿಲ್ಲ.

ಪ್ರತ್ಯೇಕವಾದುದೆಲ್ಲ ಭದ್ರವೆಂದು ತಿಳಿಯುವಂತಿಲ್ಲ. ದೊಡ್ಡ ಸಂಸ್ಥೆಗಳು ಹಣ ತೆತ್ತು ಕೊಂಡ ಮೂವ್‌ಇಟ್ ಎಂಬ ತಂತ್ರಾಂಶದಲ್ಲಿ 2023ರ ಮೇ ತಿಂಗಳ ಕೊನೆಗೆ ಒಂದು ಬಿರುಕು ಬೆಳಕಿಗೆ ಬಂದಿತು. ಅದರ ಮೂಲಕ ಕ್ಲಾಪ್ ಎಂಬ ತಂಡ ಅನೇಕ ಸಂಸ್ಥೆಗಳ ದತ್ತಾಂಶವನ್ನು ಕದ್ದಿತು; ವೇತನದ ಲೆಕ್ಕ ನೋಡುತ್ತಿದ್ದ ಒಂದು ಕಂಪೆನಿಯ ದೆಸೆಯಿಂದ ಬಿಬಿಸಿ, ಬ್ರಿಟಿಷ್ ಏರ್‌ವೇಸ್ ನೌಕರರ ವಿವರಗಳೂ ಹೋದವು. ಒಳಗೊಂಡ ಸೇವೆಗೆ ತಿದ್ದುಪಡಿಗಳು ವಿಂಡೋಸ್‌ನೊಡನೆ ತಾವಾಗಿ ಬರುತ್ತವೆ. ಪ್ರತ್ಯೇಕ ತಂತ್ರಾಂಶದ ತಿದ್ದುಪಡಿಗಳು ಬಂದಿವೆಯೇ ಎಂದು ಸಂಘದವರೇ ನೋಡಿಕೊಳ್ಳುತ್ತಿರಬೇಕು. ಈ ಹೊಣೆ ಹೊರಲು ಆಳಿಲ್ಲದಿದ್ದರೆ ಒಳಗೊಂಡುದೇ ಲೇಸು.

ಒಬ್ಬಿಬ್ಬರು ಪದಾಧಿಕಾರಿಗಳಷ್ಟೇ ಬಳಸುವುದಾದರೂ ಓಪನ್‌ಎಸ್‌ಎಸ್‌ಎಚ್ ಧಾರಾಳವಾಗಿ ಸಾಕು. ಭಾಂಡುಪ್‌ನ ನಮ್ಮ ಕಲ್ಪನೆಯ ಕೊಠಡಿಗಾದರೋ ಹೊರಗಿನಿಂದ ಹತ್ತಾರು ಜನ ಕಳುಹಿಸುವುದರಿಂದ ಪ್ರತ್ಯೇಕ ತಂತ್ರಾಂಶವೇ ಯೋಗ್ಯವೆಂದು ನನ್ನ ಅಭಿಪ್ರಾಯ: ಬಯಲು ಎಫ್‌ಟಿಪಿಯನ್ನು ಮುಚ್ಚಿ, ಬಂದ ಕಡತಗಳ ಇನ್ನೊಂದು ಪ್ರತಿಯನ್ನು ಜಾಲಕ್ಕೆ ತಗುಲದ ಡಿಸ್ಕಿನಲ್ಲಿ ವಾರಕ್ಕೊಮ್ಮೆ ತೆಗೆದಿಟ್ಟು, ಮುದ್ರಕನ ಖಾತೆಯನ್ನು ಸಂಚಿಕೆ ಅಚ್ಚಾದ ದಿನವೇ ರದ್ದು ಮಾಡುವುದು.